ನಿಂತರೆ ಎಂಜಿನ್ ಬಿಸಿ, ಓಡಿಸಿದರೆ ಸರಿ: ರೇಡಿಯೇಟರ್ ಫ್ಯಾನ್ ಬದಲಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ನನ್ನದು 9 ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಎರಡು ತಿಂಗಳಿಂದ ಒಂದೇ ತೊಂದರೆ. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಗುತ್ತದೆ. ಅದೇ ಹೊತ್ತಿಗೆ ಎಸಿಯ ತಂಪೂ ಕಡಿಮೆಯಾಗುತ್ತದೆ. ಗಾಡಿ ಓಡಲು ಶುರುವಾದರೆ ಐದು ನಿಮಿಷದಲ್ಲಿ ಎರಡೂ ಸರಿ. ಬಾನೆಟ್ ಎತ್ತಿ ನೋಡಿದರೆ ರೇಡಿಯೇಟರ್ ಫ್ಯಾನ್ ಕೆಲವೊಮ್ಮೆ ತಿರುಗುತ್ತಿರುತ್ತದೆ, ಕೆಲವೊಮ್ಮೆ ಸುಮ್ನೆ ನಿಂತಿರುತ್ತದೆ. ಒಂದು ಸಲ ಕಡ್ಡಿಯಿಂದ ರೆಕ್ಕೆಯನ್ನು ತಳ್ಳಿದೆ, ತಕ್ಷಣ ತಿರುಗಿತು. ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದು ಹಾಕಿದರು, ಗುಣ ಕಾಣಲಿಲ್ಲ. ಈಗ ಬ್ಯಾಟರಿಯಿಂದ ಫ್ಯಾನ್‌ಗೆ ನೇರ ವೈರ್ ಎಳೆದು ಸ್ವಿಚ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ರೇಡಿಯೇಟರ್ ಸಮೇತ ಎಲ್ಲ ಬದಲಿಸಿ ಎನ್ನುತ್ತಾರೆ. ಎಂಜಿನ್ ಹೋಗಿಬಿಡುತ್ತದೆಯೋ ಎಂಬ ಭಯ. ಯಾರ ಮಾತು ಕೇಳಲಿ? ಫ್ಯಾನ್ ಆದರೆ ನಾನೇ ಬದಲಿಸಬಹುದಾ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ನೀವು ಬರೆದದ್ದನ್ನು ನೋಡಿದರೆ ಎಂಜಿನ್‌ಗೆ ಇನ್ನೂ ಪೆಟ್ಟು ಬಿದ್ದಂತೆ ಕಾಣುವುದಿಲ್ಲ. ಆದರೆ ಹೀಗೇ ಓಡಿಸಿದರೆ ಒಂದು ದಿನ ಬೀಳುತ್ತದೆ. ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಜಾಸ್ತಿ ಬಿಸಿಯಾದರೆ ಸೊಟ್ಟಗಾಗುತ್ತದೆ. ಅದರ ಕೆಳಗಿನ ಹೆಡ್ ಗ್ಯಾಸ್ಕೆಟ್ ಹೋದರೆ ಎಂಜಿನ್ ಬಿಚ್ಚಲೇಬೇಕು. ಫ್ಯಾನಿನ ಸಣ್ಣ ಕೆಲಸವನ್ನು ಮುಂದಕ್ಕೆ ಹಾಕಿ ಕೊನೆಗೆ ಹೆಡ್ ಬಿಚ್ಚಿಸಿದವರನ್ನು ನಾನು ಬಹಳ ನೋಡಿದ್ದೇನೆ. ಹಾಗಾಗಿ ಈ ವಾರವೇ ಕೈ ಹಾಕಿ.

ನಿಮ್ಮ ಪತ್ರದಲ್ಲಿ ಮೂರು ಒಳ್ಳೆಯ ಸುಳಿವುಗಳಿವೆ. ಇಬ್ಬರು ಮೆಕ್ಯಾನಿಕ್‌ಗಳೂ ಅವನ್ನು ಕೇಳಿಸಿಕೊಂಡಿಲ್ಲ ಅನಿಸುತ್ತದೆ.

ಮೊದಲನೆಯದು, ನಿಂತಾಗ ಬಿಸಿ, ಓಡುವಾಗ ಸರಿ. ಕಾರು 50–60 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರ್ ಮೂಲಕ ನುಗ್ಗುತ್ತದೆ. ಆಗ ಫ್ಯಾನಿಗೆ ಹೆಚ್ಚು ಕೆಲಸ ಇರುವುದಿಲ್ಲ. ನಿಂತಾಗ ಗಾಳಿ ತರುವುದು ಫ್ಯಾನ್ ಒಂದೇ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಅಥವಾ ವಾಟರ್ ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಇದರ ಉಲ್ಟಾ ಕಾಣುತ್ತದೆ. ಏರು ರಸ್ತೆಯಲ್ಲಿ, ಹೆದ್ದಾರಿಯಲ್ಲಿ, ಎಂಜಿನ್ ಜೋರಾಗಿ ದುಡಿಯುವಾಗಲೇ ಮುಳ್ಳು ಏರುತ್ತದೆ.

ಎರಡನೆಯದು ಎಸಿ. ರೇಡಿಯೇಟರ್‌ನ ಮುಂದೆ ಇರುವ ಇನ್ನೊಂದು ಜಾಲರಿಯಂಥ ಭಾಗ ಎಸಿಯ ಕಂಡೆನ್ಸರ್. ಹಲವು ಕಾರುಗಳಲ್ಲಿ ಅದಕ್ಕೂ ಗಾಳಿ ಇದೇ ಫ್ಯಾನಿನಿಂದ. ನಿಂತಾಗ ಎಂಜಿನ್ ಬಿಸಿ ಏರುವುದೂ ಎಸಿಯ ತಂಪು ಇಳಿಯುವುದೂ ಒಟ್ಟಿಗೇ ಆಗುತ್ತಿದ್ದರೆ ಎರಡಕ್ಕೂ ಸಾಲದಿರುವುದು ಒಂದೇ: ಗಾಳಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ತಳ್ಳಿದಾಗ ತಿರುಗಿತು ಎಂದಿರಿ. ಹಾಗಾದರೆ ಆ ಹೊತ್ತಿಗೆ ಮೋಟಾರ್‌ಗೆ ಕರೆಂಟ್ ಬರುತ್ತಿತ್ತು. ಸೆನ್ಸರ್ ಬಿಸಿಯನ್ನು ಗುರುತಿಸಿತ್ತು, ಎಂಜಿನ್ ಕಂಪ್ಯೂಟರ್ ಆಜ್ಞೆ ಕೊಟ್ಟಿತ್ತು, ಆ ಆಜ್ಞೆಯಂತೆ ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ ಕೂಡ ಕೂಡಿಕೊಂಡಿತ್ತು. ಆದರೂ ಮೋಟಾರ್ ಏಳಲಿಲ್ಲ. ಮೋಟಾರ್ ಒಳಗಿನ ಕಾರ್ಬನ್ ಬ್ರಷ್ ಸವೆದಾಗ ಹೀಗೇ ಆಗುತ್ತದೆ. ಬ್ರಷ್ ಎಂದರೆ ತಿರುಗುವ ತಾಮ್ರದ ಉಂಗುರಕ್ಕೆ ಒತ್ತಿಕೊಂಡು ಕರೆಂಟ್ ಕೊಡುವ ಸಣ್ಣ ಕಪ್ಪು ಇಟ್ಟಿಗೆಯಂಥ ತುಂಡು. ಅದರ ಹಿಂದೆ ಸ್ಪ್ರಿಂಗ್ ಇರುತ್ತದೆ. ವರ್ಷಗಟ್ಟಲೆ ತಿರುಗಿ ಬ್ರಷ್ ಮೋಟು ಆದಾಗ ಸ್ಪ್ರಿಂಗ್‌ನ ಒತ್ತಡ ಕಡಿಮೆಯಾಗುತ್ತದೆ. ಉಂಗುರದ ಕೆಲವು ಕಡೆ ತಾಗುತ್ತದೆ, ಕೆಲವು ಕಡೆ ತಾಗುವುದಿಲ್ಲ. ಫ್ಯಾನ್ ನಿಲ್ಲುವಾಗ ತಾಗದ ಜಾಗದಲ್ಲಿ ನಿಂತರೆ ಮುಂದಿನ ಸಲ ಏಳುವುದಿಲ್ಲ. ಸ್ವಲ್ಪ ಅಲುಗಾಡಿಸಿದರೆ ಎದ್ದುಬಿಡುತ್ತದೆ.

ಆ ಕಡ್ಡಿಯ ಪ್ರಯೋಗವನ್ನು ದಯವಿಟ್ಟು ಇನ್ನೊಮ್ಮೆ ಮಾಡಬೇಡಿ. ಸುಮ್ನೆ ನಿಂತಿರುವ ಫ್ಯಾನ್ ಯಾವ ಕ್ಷಣದಲ್ಲಾದರೂ ಪೂರ್ತಿ ವೇಗಕ್ಕೆ ಏರಬಹುದು. ಹಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಏರುತ್ತದೆ. ಕೈ, ಬಟ್ಟೆಯ ತುದಿ, ಸಡಿಲವಾದ ತೋಳು ಯಾವುದೂ ಅದರ ಹತ್ತಿರ ಇರಬಾರದು. ಫ್ಯಾನನ್ನು ಕೈಯಿಂದ ಮುಟ್ಟಿ ನೋಡಬೇಕಾದರೆ ಮೊದಲು ಬ್ಯಾಟರಿಯ ಮೈನಸ್ ಕಳಚಿ.

ಈಗ ನಿಮಗೆ ಸಿಕ್ಕ ಸಲಹೆಗಳನ್ನು ನೋಡೋಣ.

ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ತಂಪಾಗಿರುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ತೆಗೆದ ಮೇಲೆ ಎಂಜಿನ್ ಬೆಚ್ಚಗಾಗಲು ತುಂಬಾ ಹೊತ್ತು ಹಿಡಿಯುತ್ತದೆ, ಅದು ನಿಜ. ಆದರೆ ಅದು ಒಳ್ಳೆಯದಲ್ಲ. ಥರ್ಮೋಸ್ಟಾಟ್ ಎಂಜಿನನ್ನು ಅದರ ಸರಿಯಾದ ಬಿಸಿಯಲ್ಲಿ ಇಡುವ ಬಾಗಿಲು. ಬಹುತೇಕ ಕಾರುಗಳಲ್ಲಿ 82ರಿಂದ 90 ಡಿಗ್ರಿ ಸುಮಾರಿಗೆ ಅದು ತೆರೆಯಲು ಶುರುವಾಗುತ್ತದೆ. ಅದಿಲ್ಲದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಕೊಡುತ್ತದೆ. ಮೈಲೇಜ್ ಇಳಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿದು ಜಿಡ್ಡು ಕಟ್ಟುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಬೈಪಾಸ್ ದಾರಿಯನ್ನೂ ಮುಚ್ಚುತ್ತದೆ. ಅದನ್ನು ತೆಗೆದರೆ ಬಿಸಿ ಕೂಲಂಟ್‌ನ (ಎಂಜಿನನ್ನು ತಂಪಾಗಿಸುವ ದ್ರವದ) ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಒಳಗೊಳಗೇ ಸುತ್ತುತ್ತದೆ. ಅಂಥ ಎಂಜಿನ್‌ಗಳು ಟ್ರಾಫಿಕ್‌ನಲ್ಲಿ ಮೊದಲಿಗಿಂತ ಜಾಸ್ತಿಯೇ ಬಿಸಿಯಾಗುತ್ತವೆ. ಥರ್ಮೋಸ್ಟಾಟ್ ಮುಚ್ಚಿಯೇ ಕೂತುಬಿಟ್ಟರೆ ಎಂಜಿನ್ ಬಿಸಿಯಾಗುವುದು ಹೌದು, ಆದರೆ ಆಗ ಓಡುವಾಗಲೂ ಬಿಸಿ ಇಳಿಯುವುದಿಲ್ಲ. ನಿಮ್ಮ ಕಾರಿನ ತೊಂದರೆ ಅದಾಗಿರಲಿಲ್ಲ. ಹೊಸ ಥರ್ಮೋಸ್ಟಾಟ್ ವಾಪಸ್ ಹಾಕಿಸಿ.

ನೇರ ವೈರ್ ಎಳೆದು ಸ್ವಿಚ್ ಹಾಕುವ ವಿಚಾರಕ್ಕೆ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಫ್ಯಾನ್ ಮೋಟಾರ್ ಸಾಮಾನ್ಯವಾಗಿ 10ರಿಂದ 20 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಡ್ಯಾಶ್‌ಬೋರ್ಡ್‌ಗೆ ಹಾಕುವ ಸಣ್ಣ ಸ್ವಿಚ್, ತೆಳ್ಳನೆಯ ವೈರ್ ಅದನ್ನು ತಡೆಯುವುದಿಲ್ಲ. ನಡುವೆ ಫ್ಯೂಸ್ ಇಲ್ಲದಿದ್ದರೆ ವೈರ್ ಕರಗಿ ಬೆಂಕಿ ಹತ್ತಬಹುದು. ಸ್ವಿಚ್ ಹಾಕಲು ಮರೆತರೆ ಎಂಜಿನ್ ಕುದಿಯುತ್ತದೆ, ಆರಿಸಲು ಮರೆತರೆ ಬ್ಯಾಟರಿ ಖಾಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕಾರಿನಲ್ಲಿ ಕರೆಂಟ್ ಬಂದರೂ ಮೋಟಾರ್ ಏಳುತ್ತಿಲ್ಲ. ಸವೆದ ಬ್ರಷ್‌ಗೆ ನೇರ ವೈರ್ ಕೊಟ್ಟರೂ ಅದು ಸವೆದ ಬ್ರಷ್ಷೇ ಅಲ್ವಾ?

ರೇಡಿಯೇಟರ್ ಸಮೇತ ಬದಲಿಸಿ ಎಂದವರು ತಪ್ಪು ಹೇಳಿದ್ದಾರೆ ಎನ್ನಲಾರೆ. 9 ವರ್ಷದ ರೇಡಿಯೇಟರ್‌ನಲ್ಲಿ ಕೊಳೆ ಇರಬಹುದು. ಆದರೆ ಅದು ಮೊದಲ ಹೆಜ್ಜೆ ಅಲ್ಲ.

ಇನ್ನೆರಡು ತಪ್ಪು ತಿಳಿವಳಿಕೆ. ಎಂಜಿನ್ ಆಫ್ ಮಾಡಿದ ಮೇಲೆ ಫ್ಯಾನ್ ಒಂದೆರಡು ನಿಮಿಷ ತಿರುಗಿದರೆ ಅದು ದೋಷ ಅಲ್ಲ. ಕೆಲವು ಕಾರುಗಳನ್ನು ಹಾಗೇ ಮಾಡಿರುತ್ತಾರೆ. ಹಾಗೆಯೇ ಎಂಜಿನ್ ಶುರು ಮಾಡಿದ ಕೂಡಲೇ ಫ್ಯಾನ್ ತಿರುಗದಿದ್ದರೆ ಗಾಬರಿ ಬೇಡ. ಕೂಲಂಟ್ ಸಾಮಾನ್ಯವಾಗಿ 95ರಿಂದ 105 ಡಿಗ್ರಿಗೆ ಬಂದ ಮೇಲೆ ಅದು ಏಳುತ್ತದೆ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲುತ್ತದೆ. ನಿಮ್ಮ ಕಾರಿನ ಖಚಿತ ಅಂಕಿ ಅದರ ಸರ್ವಿಸ್ ಕೈಪಿಡಿಯಲ್ಲಿ ಇರುತ್ತದೆ.

ಕರೆಂಟ್ ಎಲ್ಲಿ ನಿಲ್ಲುತ್ತಿದೆ?

ಫ್ಯಾನ್ ತಿರುಗದಿದ್ದರೆ ಫ್ಯಾನೇ ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಬ್ಯಾಟರಿಯಿಂದ ಕರೆಂಟ್ ಹೊರಟು ಫ್ಯೂಸ್, ರಿಲೇ, ಕನೆಕ್ಟರ್ ದಾಟಿ ಮೋಟಾರ್‌ಗೆ ಬಂದು ಅರ್ಥ್ ವೈರ್ ಮೂಲಕ ವಾಪಸ್ ಹೋಗುತ್ತದೆ. ರಿಲೇಗೆ ಆಜ್ಞೆ ಕೊಡುವುದು ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು. ಅದಕ್ಕೆ ಬಿಸಿಯ ಸುದ್ದಿ ತಲುಪಿಸುವುದು ಕೂಲಂಟ್ ಸೆನ್ಸರ್. ತುಂಬಾ ಹಳೆಯ ಕಾರುಗಳಲ್ಲಿ ಇಸಿಯು ನಡುವೆ ಬರುವುದೇ ಇಲ್ಲ, ರೇಡಿಯೇಟರ್‌ಗೆ ತಿರುಗಿಸಿ ಕೂರಿಸಿದ ಒಂದು ಥರ್ಮೋ ಸ್ವಿಚ್ ಆ ಕೆಲಸ ಮಾಡುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದರೂ ಫ್ಯಾನ್ ನಿಲ್ಲುತ್ತದೆ. ಯಾವ ಕೊಂಡಿ ಎಂದು ಗೊತ್ತಾಗುವವರೆಗೆ ಏನನ್ನೂ ಕೊಳ್ಳಬೇಡಿ.

ಸುಲಭದ ಪರೀಕ್ಷೆ ಎಸಿಯದು. ಎಂಜಿನ್ ಓಡುತ್ತಿರುವಾಗ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಏಳಬೇಕು. ಎಸಿಗೆ ತಿರುಗುತ್ತದೆ, ಎಂಜಿನ್ ಬಿಸಿಯಾದಾಗ ತಿರುಗುವುದಿಲ್ಲ ಎಂದರೆ ಮೋಟಾರ್ ಚೆನ್ನಾಗಿದೆ, ಸೆನ್ಸರ್ ಕಡೆ ನೋಡಿ. ಎಸಿಗೂ ತಿರುಗದಿದ್ದರೆ ಅಷ್ಟರಿಂದಲೇ ತೀರ್ಪು ಕೊಡಬೇಡಿ. ಗ್ಯಾಸ್ ಕಡಿಮೆ ಇದ್ದು ಕಂಪ್ರೆಸರ್ ಕೂಡದಿದ್ದರೂ ಫ್ಯಾನ್ ಏಳದೇ ಇರಬಹುದು.

ಇನ್ನೊಂದು ಉಪಾಯ, ಕೂಲಂಟ್ ಸೆನ್ಸರ್‌ನ ಪ್ಲಗ್ ಕಳಚಿ ಎಂಜಿನ್ ಶುರು ಮಾಡುವುದು. ಸೆನ್ಸರ್ ಸುದ್ದಿ ಬರದಿದ್ದರೆ ಹಲವು ಇಸಿಯುಗಳು ಅಪಾಯ ಬೇಡ ಎಂದು ಫ್ಯಾನನ್ನು ತಾವೇ ಓಡಿಸುತ್ತವೆ. ಹಾಗೆ ತಿರುಗಿದರೆ ರಿಲೇಯಿಂದ ಮೋಟಾರ್‌ವರೆಗೆ ದಾರಿ ಸರಿ ಇದೆ ಎಂದರ್ಥ. ಚೆಕ್ ಎಂಜಿನ್ ದೀಪ ಹತ್ತುತ್ತದೆ, ಆಮೇಲೆ ಇಸಿಯು ಬರೆದುಕೊಂಡ ದೋಷದ ಕೋಡ್ ಅಳಿಸಿದರಾಯಿತು. ಹಳೆಯ ಥರ್ಮೋ ಸ್ವಿಚ್ ಇರುವ ಕಾರಿನಲ್ಲಾದರೆ ಇಗ್ನಿಷನ್ ಹಾಕಿ ಸ್ವಿಚ್‌ನ ಪ್ಲಗ್ ಕಳಚಿ, ಪ್ಲಗ್‌ನ ಎರಡು ತುದಿಗಳನ್ನು ಒಂದು ತುಂಡು ವೈರ್‌ನಿಂದ ಕೂಡಿಸಿ. ಫ್ಯಾನ್ ತಿರುಗಿದರೆ ಸ್ವಿಚ್ ಹೋಗಿದೆ.

ಫ್ಯೂಸನ್ನು ಕಣ್ಣಿನಲ್ಲಷ್ಟೇ ನೋಡಬೇಡಿ, ಮೀಟರ್ ಹಿಡಿದು ನೋಡಿ. ಫ್ಯಾನ್‌ನ ಫ್ಯೂಸ್ ದೊಡ್ಡದು, ಹೆಚ್ಚಾಗಿ 30 ಅಥವಾ 40 ಆಂಪಿಯರ್‌ನದು. ಅದು ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನ ಹೊಸದನ್ನು ಹಾಕಿ, ಯಾಕೆ ಸುಟ್ಟಿತು ಎಂದೂ ಹುಡುಕಿ. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಸುಡುವುದು ವೈರ್. ರಿಲೇಗೆ ಸುಲಭ ದಾರಿ ಇದೆ. ಅದೇ ಫ್ಯೂಸ್ ಪೆಟ್ಟಿಗೆಯಲ್ಲಿ ಹಾರ್ನ್ ಅಥವಾ ಬೇರೆ ಯಾವುದಾದರೂ ಕೆಲಸದ, ಅದೇ ನಂಬರ್ ಇರುವ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಟಿಕ್ ಎಂಬ ಸದ್ದು ಬಂದ ಮಾತ್ರಕ್ಕೆ ರಿಲೇ ಸರಿ ಎಂದುಕೊಳ್ಳಬೇಡಿ. ಒಳಗಿನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೂ ಟಿಕ್ ಎನ್ನುತ್ತದೆ, ಕರೆಂಟ್ ದಾಟುವುದಿಲ್ಲ. ಇದರ ಉಲ್ಟಾ, ಕಾಂಟ್ಯಾಕ್ಟ್ ಅಂಟಿಕೊಂಡರೆ ಕಾರು ನಿಲ್ಲಿಸಿದ ಮೇಲೂ ಫ್ಯಾನ್ ಬ್ಯಾಟರಿ ಮುಗಿಯುವವರೆಗೆ ತಿರುಗುತ್ತದೆ.

ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಪಿ0480 ಎಂಬ ಕೋಡ್ ಇದೆಯಾ ನೋಡಿ. ಫ್ಯಾನ್ ಕಂಟ್ರೋಲ್ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದು ಅದರ ಅರ್ಥ. ಪಿ0128 ಕಂಡರೆ ಆಶ್ಚರ್ಯ ಬೇಡ. ಎಂಜಿನ್ ಸರಿಯಾದ ಬಿಸಿಗೆ ಬರುತ್ತಿಲ್ಲ ಎನ್ನುವ ಕೋಡ್ ಅದು. ಥರ್ಮೋಸ್ಟಾಟ್ ತೆಗೆದಿದ್ದಾರಲ್ಲ, ಅದರಿಂದ ಬರಬಹುದು.

ಈಗ ಮೋಟಾರ್‌ನ ಕನೆಕ್ಟರ್. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಒಂದು ಕಾರು ನನ್ನ ಹತ್ತಿರ ಬಂದಾಗ ಅದಕ್ಕೆ ಬೇರೆ ಕಡೆ ಆಗಲೇ ಎರಡು ಹೊಸ ಮೋಟಾರ್ ಹಾಕಿಯಾಗಿತ್ತು. ಎರಡೂ ಕೆಲವು ವಾರ ತಿರುಗಿ ನಿಂತಿದ್ದವು. ನಾನು ಕನೆಕ್ಟರ್ ಎಳೆದರೆ ಅದು ಬರಲೊಲ್ಲದು. ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿತ್ತು. ಬಲವಾಗಿ ಬಿಡಿಸಿದಾಗ ಬಿಳಿಯ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಕಾಫಿ ಬಣ್ಣಕ್ಕೆ ತಿರುಗಿತ್ತು, ಪಿನ್ನಿನ ಹೊಳಪು ಹೋಗಿ ಬೂದಿ ಬಳಿದಂತಿತ್ತು. ಮೋಟಾರ್‌ಗಳಲ್ಲಿ ಯಾವ ತಪ್ಪೂ ಇರಲಿಲ್ಲ.

ಲೆಕ್ಕ ನೋಡಿ. ಪಿನ್ ಸಡಿಲವಾಗಿ ಅಲ್ಲಿ ಬರೀ 0.2 ಓಮ್ ತಡೆ ಹುಟ್ಟಿತು ಎಂದುಕೊಳ್ಳಿ. 15 ಆಂಪಿಯರ್ ಹರಿದರೆ 3 ವೋಲ್ಟ್ ಅಲ್ಲೇ ಹೋಯಿತು. 45 ವ್ಯಾಟ್‌ನಷ್ಟು ಬಿಸಿ ಆ ಒಂದು ಪಿನ್ನಿನ ತುದಿಯಲ್ಲಿ ಹುಟ್ಟುತ್ತದೆ. ಎಲೆಕ್ಟ್ರಾನಿಕ್ಸ್ ಬೆಸುಗೆಗೆ 25 ವ್ಯಾಟ್‌ನ ಸಣ್ಣ ಸೋಲ್ಡರಿಂಗ್ ಐರನ್ ಸಾಕಾಗುತ್ತದೆ. ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತದೆ?

ಇಂಥ ಕನೆಕ್ಟರನ್ನು ಮಲ್ಟಿಮೀಟರ್ ಒಂದೇ ಹಿಡಿದರೆ ಮೋಸ ಹೋಗುತ್ತೀರಿ. ಪ್ಲಗ್ ಕಳಚಿ ಅಳೆದರೆ 12 ವೋಲ್ಟ್ ಪೂರ್ತಿ ತೋರಿಸುತ್ತದೆ. ನಲ್ಲಿಯ ಪೈಪ್ ಎಲ್ಲೋ ಮಡಚಿಕೊಂಡಿದ್ದರೂ ತುದಿಯನ್ನು ಬೆರಳಿಂದ ಮುಚ್ಚಿದರೆ ನೀರು ಒತ್ತುತ್ತದೆ, ಬೆರಳು ತೆಗೆದರೆ ತೊಟ್ಟಿಕ್ಕುತ್ತದೆ. ಹಾಗೇ ಇದು. ಭಾರ ಬಿದ್ದಾಗ ಎಷ್ಟು ನಿಲ್ಲುತ್ತದೆ ಎನ್ನುವುದೇ ಮುಖ್ಯ. ಪ್ಲಗ್ ಸಿಕ್ಕಿಸಿಯೇ ಇಟ್ಟು, ಫ್ಯಾನ್‌ಗೆ ಆಜ್ಞೆ ಹೋಗಿರುವಾಗ, ಕನೆಕ್ಟರ್‌ನ ಹಿಂಬದಿಯಿಂದ ಮೀಟರ್‌ನ ಕಡ್ಡಿ ತಾಗಿಸಿ ಅಳೆಯಿರಿ. ಎಂಜಿನ್ ಓಡುತ್ತಿದ್ದರೆ ಬ್ಯಾಟರಿಯಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಇರುತ್ತದೆ. ಮೋಟಾರ್‌ನ ಹತ್ತಿರ ಅದಕ್ಕಿಂತ ಅರ್ಧ ವೋಲ್ಟ್ ಕಡಿಮೆ ಇದ್ದರೆ ಪರವಾಗಿಲ್ಲ. ಎರಡು ಮೂರು ವೋಲ್ಟ್ ಕಡಿಮೆ ಇದ್ದರೆ ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ. ಮೋಟಾರ್‌ನ ಅರ್ಥ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಕೂಡ ಅಳೆಯಿರಿ. ತುಕ್ಕು ಹಿಡಿದ ಅರ್ಥ್ ಬೋಲ್ಟ್ ಎಷ್ಟೋ ಹೊಸ ಮೋಟಾರ್‌ಗಳ ಮೇಲೆ ಸುಳ್ಳು ಆಪಾದನೆ ಹೊರಿಸಿದೆ.

ಪೂರ್ತಿ ವೋಲ್ಟೇಜ್ ಇದೆ, ಫ್ಯಾನ್ ನಿಂತಿದೆ ಎಂದರೆ ಆಗ ಮೋಟಾರ್ ಹೋಗಿದೆ. ನಿಮ್ಮಲ್ಲಿ ಆಗಾಗ ಮಾತ್ರ ತೊಂದರೆ ಇರುವುದರಿಂದ ಒಂದು ಸಲದ ಪರೀಕ್ಷೆ ಸಾಲದು. ನಾನು ಮಾಡುವುದು ಹೀಗೆ. ಬ್ಯಾಟರಿಯ ಮೈನಸ್ ಕಳಚಿ ಒಂದು ರೆಕ್ಕೆಯ ತುದಿಗೆ ಸೀಮೆಸುಣ್ಣದ ಗುರುತು ಹಾಕುತ್ತೇನೆ. ಆಮೇಲೆ ಮೈನಸ್ ಹಾಕಿ, ಎಸಿ ಆನ್ ಆಫ್ ಮಾಡುತ್ತಾ ಹತ್ತು ಹದಿನೈದು ಸಲ ಫ್ಯಾನನ್ನು ಎಬ್ಬಿಸಿ ನಿಲ್ಲಿಸುತ್ತೇನೆ. ಏಳದೇ ಹೋದ ಪ್ರತಿ ಸಲವೂ ಗುರುತು ಎಲ್ಲಿ ನಿಂತಿದೆ ಎಂದು ದೂರದಿಂದಲೇ ನೋಡುತ್ತೇನೆ. ಹೆಚ್ಚು ಕಡಿಮೆ ಅದೇ ಜಾಗಗಳಲ್ಲಿ ನಿಂತಾಗ ಏಳುತ್ತಿಲ್ಲ ಎಂದರೆ ಬ್ರಷ್ ಅಥವಾ ಆ ತಾಮ್ರದ ಉಂಗುರ ಸವೆದಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಎಲ್ಲಿ ಬೇಕಾದರೂ ನಿಂತು ಏಳದೇ ಇದ್ದರೆ ಕನೆಕ್ಟರ್ ಅಥವಾ ರಿಲೇ ಮೇಲೆ ನನ್ನ ಅನುಮಾನ ಹೋಗುತ್ತದೆ.

ಮೈನಸ್ ಕಳಚಿರುವಾಗಲೇ ರೆಕ್ಕೆಯನ್ನು ಕೈಯಿಂದ ತಿರುಗಿಸಿ ನೋಡಿ. ಹಗುರವಾಗಿ ತಿರುಗಬೇಕು. ಗರಗರ ಎಂದರೆ, ಬಿಗಿ ಇದ್ದರೆ, ಅಥವಾ ರೆಕ್ಕೆ ಹಿಡಿದು ಅಲುಗಾಡಿಸಿದಾಗ ಲೊಡಲೊಡ ಎಂದರೆ ಬೇರಿಂಗ್ ಹೋಗಿದೆ. ಬಿಗಿಯಾದ ಮೋಟಾರ್ ಜಾಸ್ತಿ ಆಂಪಿಯರ್ ಎಳೆದು ಕನೆಕ್ಟರನ್ನೂ ರಿಲೇಯನ್ನೂ ತನ್ನ ಜೊತೆ ಕರೆದೊಯ್ಯುತ್ತದೆ.

ಎರಡು ವೇಗದ ಫ್ಯಾನ್ ಇರುವ ಕಾರುಗಳಲ್ಲಿ ಇನ್ನೊಂದು ಆಟ ಇದೆ. ಹಲವುಗಳಲ್ಲಿ ಕಡಿಮೆ ವೇಗಕ್ಕೆ ಕರೆಂಟ್ ತಗ್ಗಿಸುವ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟರೆ ಕಡಿಮೆ ವೇಗ ಹೋಗಿ ಜೋರು ವೇಗ ಮಾತ್ರ ಉಳಿಯುತ್ತದೆ. ಮುಳ್ಳು ಮಾಮೂಲಿಗಿಂತ ಮೇಲೆ ಏರಿ, ಆಮೇಲೆ ಫ್ಯಾನ್ ಒಮ್ಮೆಲೇ ವಿಮಾನದಂತೆ ಸದ್ದು ಮಾಡಿದರೆ ಅದನ್ನು ನೋಡಿ. ಹೊಸ ಕಾರುಗಳಲ್ಲಿ ವೇಗವನ್ನು ಹಂತಹಂತವಾಗಿ ಬದಲಿಸುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಂಥವಕ್ಕೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ಪರೀಕ್ಷಿಸಬೇಡಿ, ಮಾಡ್ಯೂಲ್ ಸುಟ್ಟುಹೋಗಬಹುದು.

ಬ್ರಷ್, ಮೋಟಾರ್, ಪೂರ್ತಿ ಸೆಟ್: ಯಾವುದು?

ಬ್ರಷ್ ಮಾತ್ರ ಬದಲಿಸುವ ಆಟೋ ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ತಾಮ್ರದ ಉಂಗುರ ಚೆನ್ನಾಗಿದ್ದು, ಕೈ ಚೆನ್ನಾಗಿದ್ದರೆ ಕೆಲಸ ನಿಲ್ಲುತ್ತದೆ. ಆದರೆ ಹಲವು ಮೋಟಾರ್‌ಗಳನ್ನು ಬಿಚ್ಚಲು ಬಾರದಂತೆ ಮಡಚಿ ಮುಚ್ಚಿರುತ್ತಾರೆ. ಅದನ್ನು ತೆರೆದು ಮತ್ತೆ ಬಡಿದು ಮುಚ್ಚಿದರೆ ನೀರು ಒಳಗೆ ಹೋಗುವ ಭಯ ಇರುತ್ತದೆ. 9 ವರ್ಷದ ಬೇರಿಂಗ್ ಕೂಡ ಹಾಗೇ ಉಳಿಯುತ್ತದೆ. ತಕ್ಷಣಕ್ಕೆ ಓಡಾಡಲು ಸರಿ, ಹೆಚ್ಚು ದಿನ ನೆಚ್ಚಿಕೊಳ್ಳಲಾರೆ.

ಮೋಟಾರ್ ಒಂದೇ ಬದಲಿಸುವುದು ನ್ಯಾಯವಾದ ದಾರಿ. ರೆಕ್ಕೆ, ಚೌಕಟ್ಟು ಗಟ್ಟಿ ಇದ್ದರೆ ನಿಮ್ಮ ಕಾರಿಗೆ ನಾನು ಇದನ್ನೇ ಹೇಳುತ್ತೇನೆ. ಇಲ್ಲಿ ಎಚ್ಚರ ಬೇಕಾದದ್ದು ತಿರುಗುವ ದಿಕ್ಕು ಮತ್ತು ವ್ಯಾಟ್. ಹಳೆಯದಕ್ಕಿಂತ ಕಡಿಮೆ ಶಕ್ತಿಯ ಮೋಟಾರ್ ಹಾಕಿದರೆ ಫ್ಯಾನ್ ತಿರುಗುವುದು ಕಾಣುತ್ತದೆ, ಗಾಳಿ ಸಾಲುವುದಿಲ್ಲ. ಬೇಸಿಗೆಯಲ್ಲಿ ಮತ್ತೆ ಅದೇ ಕಥೆ.

ರೆಕ್ಕೆಯ ತುದಿ ಮುರಿದಿದ್ದರೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದ್ದರೆ ಪೂರ್ತಿ ಸೆಟ್ ತೆಗೆದುಕೊಳ್ಳಿ. ಒಂದು ರೆಕ್ಕೆ ಮುರಿದರೆ ತೂಕ ಏರುಪೇರಾಗಿ ಹೊಸ ಬೇರಿಂಗನ್ನೂ ತಿನ್ನುತ್ತದೆ. ಬಿರುಕು ಬಿಟ್ಟ ರೆಕ್ಕೆ ಓಡುವಾಗ ಒಡೆದು ರೇಡಿಯೇಟರ್‌ಗೆ ತೂತು ಮಾಡಿದ್ದೂ ಇದೆ. ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಅಲಂಕಾರಕ್ಕೆ ಇರುವುದಲ್ಲ. ಅದಿಲ್ಲದಿದ್ದರೆ ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೆಯುವ ಬದಲು ಪಕ್ಕದಲ್ಲಿರುವ ಬಿಸಿ ಗಾಳಿಯನ್ನೇ ಸುತ್ತಿಸುತ್ತದೆ. ಚೌಕಟ್ಟು ಮುರಿದಿದೆ ಎಂದು ತೆಗೆದು ಎಸೆದ ಕಾರುಗಳನ್ನು ನೋಡಿದಾಗ ಬೇಜಾರಾಗುತ್ತದೆ.

ಹಳೆಯ ಕಾರಿನಿಂದ ಬಿಚ್ಚಿದ ಮೋಟಾರ್ ಬಗ್ಗೆ ನನ್ನ ಅಭಿಪ್ರಾಯ ಬೇಡ ಎಂದೇ. ಅದರ ಬ್ರಷ್ ಎಷ್ಟು ಉಳಿದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ.

ಯಾವುದನ್ನು ಹಾಕಿದರೂ ರಿಲೇಯನ್ನು ಜೊತೆಗೇ ಬದಲಿಸಿ. ಕನೆಕ್ಟರ್ ಬಣ್ಣ ಕೆಟ್ಟಿದ್ದರೆ ಅದನ್ನೂ, ಅದೇ ದಪ್ಪದ ವೈರ್ ಇರುವ ಹೊಸದಕ್ಕೆ ಬದಲಿಸಿ.

ನೀವೇ ಮಾಡಬಹುದಾ? ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದರೆ ಬಹುತೇಕ ಸಣ್ಣ ಕಾರುಗಳಲ್ಲಿ ಮಾಡಬಹುದು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಿಂದಿನ ರಾತ್ರಿ ನಿಲ್ಲಿಸಿದ ಕಾರಾದರೆ ಒಳ್ಳೆಯದು. ಬ್ಯಾಟರಿಯ ಮೈನಸ್ ಕಳಚಿ. ಕನೆಕ್ಟರ್ ಬಿಡಿಸುವಾಗ ಅದರ ಲಾಕ್ ಒತ್ತಿ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಚೌಕಟ್ಟಿಗೆ ಕ್ಲಿಪ್ ಹಾಕಿದ ವೈರ್‌ಗಳನ್ನು ಬಿಡಿಸಿ, ಬೋಲ್ಟ್ ತೆಗೆದು, ಚೌಕಟ್ಟನ್ನು ನೇರ ಮೇಲಕ್ಕೆ ಎತ್ತಿ. ಅದಕ್ಕೂ ಮುಂಚೆ ರೇಡಿಯೇಟರ್‌ಗೂ ಫ್ಯಾನಿಗೂ ನಡುವೆ ಒಂದು ದಪ್ಪ ರಟ್ಟನ್ನು ಇಳಿಬಿಡಿ. ರೇಡಿಯೇಟರ್‌ನ ಆ ತೆಳ್ಳನೆ ರೆಕ್ಕೆಗಳು ಬೆರಳು ತಾಗಿದರೂ ಮಡಚಿಕೊಳ್ಳುತ್ತವೆ, ಬೋಲ್ಟ್‌ನ ಮೂಲೆ ತಾಗಿದರೆ ಟ್ಯೂಬ್ ತೂತು. ಕೆಲವು ಕಾರುಗಳಲ್ಲಿ ಚೌಕಟ್ಟು ಹೊರಬರಲು ಮೇಲಿನ ಹೋಸ್ ಕಳಚಲೇಬೇಕು. ಆಗ ಕೂಲಂಟ್ ಇಳಿಸಿ, ಆಮೇಲೆ ಮತ್ತೆ ತುಂಬಿ ಒಳಗಿನ ಗಾಳಿ ಹೊರಗೆ ಹೋಗುವಂತೆ ಮಾಡಬೇಕು. ನಿಮಗೆ ಹೇಗೂ ಥರ್ಮೋಸ್ಟಾಟ್ ಹಾಕಿಸಬೇಕು, ಎರಡನ್ನೂ ಒಂದೇ ಸಲ ಮುಗಿಸುವುದು ಜಾಣತನ.

ರೆಕ್ಕೆಯನ್ನು ಮೋಟಾರ್‌ಗೆ ಹಿಡಿದಿರುವ ನಟ್ಟು ಕೆಲವು ಕಾರುಗಳಲ್ಲಿ ಉಲ್ಟಾ ಥ್ರೆಡ್‌ನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಬರುತ್ತಿಲ್ಲ ಎಂದು ಬಲ ಹಾಕುವ ಮೊದಲು ಅದನ್ನು ನೋಡಿಕೊಳ್ಳಿ. ಎಲ್ಲ ಕೂರಿಸಿದ ಮೇಲೆ ರೆಕ್ಕೆಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು.

ಆಮೇಲೆ ಮೈನಸ್ ಹಾಕಿ ಫ್ಯಾನ್ ಓಡಿಸಿ ಒಂದು ಹಾಳೆಯ ಪರೀಕ್ಷೆ ಮಾಡಿ. ರೇಡಿಯೇಟರ್ ಹಿಂದೆ ಇರುವ ಫ್ಯಾನ್ ಗಾಳಿಯನ್ನು ಮುಂದಿನಿಂದ ಎಂಜಿನ್ ಕಡೆಗೆ ಎಳೆಯಬೇಕು. ಕಾರಿನ ಮುಂದೆ ನಿಂತು ಗ್ರಿಲ್ ಹತ್ತಿರ ಕಾಗದ ಹಿಡಿದರೆ ಅದು ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಪ್ಲಸ್ ಮೈನಸ್ ಅದಲು ಬದಲಾಗಿದೆ. ವೈರ್ ಕತ್ತರಿಸಿ ಹೊಸ ಕನೆಕ್ಟರ್ ಸೇರಿಸಿದ ಕಾರುಗಳಲ್ಲಿ ಈ ತಪ್ಪು ಆಗುತ್ತದೆ. ಫ್ಯಾನ್ ತಿರುಗುತ್ತಿದೆ, ಆದರೂ ಬಿಸಿ ಇಳಿಯುತ್ತಿಲ್ಲ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ.

ಅಲ್ಲಿಯವರೆಗೆ ಓಡಿಸಲೇಬೇಕಾದರೆ

ಟ್ರಾಫಿಕ್ ಇರುವ ಹೊತ್ತಿನಲ್ಲಿ ಕಾರು ತೆಗೆಯಬೇಡಿ. ತೆಗೆದರೆ ಎಸಿ ಬೇಡ. ಮುಳ್ಳು ಏರಲು ಶುರುವಾದ ಕೂಡಲೇ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರಾಗಿಡಿ, ಕಿಟಕಿ ಇಳಿಸಿ. ಹೀಟರ್ ಒಳಗಿರುವುದೂ ಒಂದು ಸಣ್ಣ ರೇಡಿಯೇಟರೇ, ಅದಕ್ಕೆ ಬೇರೆ ಫ್ಯಾನ್ ಇದೆ. ಸ್ವಲ್ಪ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಕಾರಿನೊಳಗೆ ಕೂರಲು ಕಷ್ಟ, ಆದರೆ ಬದಿಗೆ ನಿಲ್ಲಿಸಲು ಜಾಗ ಸಿಗುವವರೆಗೆ ಎಂಜಿನನ್ನು ಕಾಯುತ್ತದೆ. ಕೆಂಪು ಗೆರೆ ಮುಟ್ಟಿದರೆ ಮುಂದೆ ಹೋಗಬೇಡಿ, ಬದಿಗೆ ನಿಲ್ಲಿಸಿ ಆಫ್ ಮಾಡಿ.

ಬಿಸಿ ಇರುವಾಗ ರೇಡಿಯೇಟರ್ ಅಥವಾ ಕೂಲಂಟ್ ಟ್ಯಾಂಕ್‌ನ ಮುಚ್ಚಳ ಯಾವ ಕಾರಣಕ್ಕೂ ತೆರೆಯಬೇಡಿ. ಒಳಗೆ ಸುಮಾರು 1 ಬಾರ್ ಒತ್ತಡ ಇರುತ್ತದೆ. ಆ ಒತ್ತಡದಿಂದಲೇ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಹೋಗುತ್ತದೆ, ಎಲ್ಲ ಒಟ್ಟಿಗೆ ಕುದ್ದು ಮುಖಕ್ಕೆ ಹಾರುತ್ತದೆ. ಆ ಸುಟ್ಟ ಗಾಯಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು. ಒಂದು ಗಂಟೆಯಾದರೂ ಬಿಡಿ.

ಡ್ಯಾಶ್‌ಬೋರ್ಡ್‌ನ ಮುಳ್ಳನ್ನು ಪೂರ್ತಿ ನಂಬಬೇಡಿ. ಹಲವು ಕಾರುಗಳಲ್ಲಿ ಬಿಸಿ ಕೆಲವು ಡಿಗ್ರಿ ಏರಿಳಿದರೂ ಅದು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಅದು ಅಲುಗಾಡುವ ಹೊತ್ತಿಗೆ ಬಿಸಿ ಆಗಲೇ ಜಾಸ್ತಿಯಾಗಿರುತ್ತದೆ. ಸ್ಕ್ಯಾನರ್ ಜೋಡಿಸುವ ಒಬಿಡಿ ಪೋರ್ಟ್‌ಗೆ ಸಿಕ್ಕಿಸುವ ಸಣ್ಣ ರೀಡರ್ ಇದ್ದರೆ ಫೋನ್‌ನಲ್ಲೇ ಕೂಲಂಟ್‌ನ ನಿಜವಾದ ಡಿಗ್ರಿ ಕಾಣುತ್ತದೆ.

ಕೆಲಸ ಮುಗಿದ ಮೇಲೆ ಆ ರೀಡರ್ ಹಾಕಿಕೊಂಡು ತೆರೆದ ಜಾಗದಲ್ಲಿ ಕಾರು ನಿಲ್ಲಿಸಿ. ಮೊದಲು ಎಸಿ ಇಲ್ಲದೆ ಎಂಜಿನ್ ಓಡಲು ಬಿಡಿ. ಫ್ಯಾನ್ ಎಷ್ಟು ಡಿಗ್ರಿಗೆ ಎದ್ದಿತು, ಎಷ್ಟಕ್ಕೆ ನಿಂತಿತು ಎಂದು ಬರೆದುಕೊಳ್ಳಿ. ಮೂರು ನಾಲ್ಕು ಸಲ ಹೆಚ್ಚು ಕಡಿಮೆ ಅದೇ ಅಂಕಿ ಬರಬೇಕು. ಆಮೇಲೆ ಎಸಿ ಹಾಕಿ ಇಪ್ಪತ್ತು ನಿಮಿಷ ಬಿಡಿ. ಫ್ಯಾನ್ ಸರಿಯಾಗಿ ತಿರುಗುತ್ತಿದ್ದೂ ಬಿಸಿ ನಿಲ್ಲದೆ ಏರುತ್ತಿದ್ದರೆ ಆಗ ನಿಮ್ಮ ಎರಡನೇ ಮೆಕ್ಯಾನಿಕ್ ಹೇಳಿದ ರೇಡಿಯೇಟರ್ ಕಡೆ ತಿರುಗಬೇಕು. ಮೊದಲು ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಧೂಳು, ಎಲೆ, ಸತ್ತ ಹುಳ ಸೇರಿ ಕಂಬಳಿಯಂತೆ ಕೂತಿರುತ್ತದೆ. ಎಂಜಿನ್ ತಣ್ಣಗಿರುವಾಗ ಎಂಜಿನ್ ಕಡೆಯಿಂದ ಹೊರಕ್ಕೆ, ಒತ್ತಡ ಕಡಿಮೆ ಇಟ್ಟು ನೀರು ಬಿಟ್ಟರೆ ಬರುತ್ತದೆ. ಅದೂ ಸ್ವಚ್ಛ ಇದ್ದರೆ ಕೂಲಂಟ್ ಟ್ಯಾಂಕ್‌ನಲ್ಲಿ ಎಂಜಿನ್ ಓಡುವಾಗ ಗುಳ್ಳೆ ಏಳುತ್ತಿದೆಯಾ, ಕೂಲಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದೆಯಾ, ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣ ಇದೆಯಾ ನೋಡಿ. ಈ ಮೂರರಲ್ಲಿ ಒಂದು ಕಂಡರೂ ಕಾರು ಓಡಿಸದೆ, ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡುವವರ ಹತ್ತಿರ ಎಳೆಸಿಕೊಂಡು ಹೋಗಿ.